ಶಿವಶರಣಪ್ಪನ ಮಗಳು

೧

ಶಿವಶರಣಪ್ಪನಿಗೆ ಫೋನಿನಲ್ಲಿ ಮಾತಾಡುವಷ್ಟು ಇಂಗ್ಲಿಷ್ ಇರಲಿಲ್ಲ.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಒಬ್ಬನಲ್ಲಿ ಏನಿತ್ತು ಎನ್ನುವುದನ್ನು ಬಿಟ್ಟು ಏನಿರಲಿಲ್ಲ ಎನ್ನುವುದರಿಂದ? ಓದುಗರೇ, ನನಗೂ ಅನುಮಾನವಿದೆ. ಅವನಲ್ಲಿ ಇದ್ದದ್ದೇ ಹೆಚ್ಚು. ಹಳೆಯ ಪ್ರೋಗ್ರಾಮುಗಳಲ್ಲಿ ತಪ್ಪನ್ನು ಅವನು ತೊಗರಿಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತಿದ್ದ. ಎದುರಿಗೆ ಕೂತರೆ ಬೆರಳಿಟ್ಟು ತೋರಿಸುತ್ತಿದ್ದ. ಫೋನು ಕಿವಿಗೆ ಬಂದ ಕೂಡಲೇ ಮಾತ್ರ ಬಾಯೊಳಗಿನ ಇಂಗ್ಲಿಷ್ ಆರಿದ ಸಿಮೆಂಟಾಗುತ್ತಿತ್ತು. ಕಲಬುರಗಿಯವನು. ಇಪ್ಪತ್ತಾರು ವರ್ಷ. ಮದುವೆಯಾಗಿಲ್ಲ. (ಕೊನೆಯ ಎರಡು ವಿವರಗಳನ್ನು ದಯವಿಟ್ಟು ನೆನಪಿಡಿ. ಮುಂದೆ ಒಬ್ಬ ಹೆಂಗಸು ಅವುಗಳಲ್ಲೊಂದನ್ನು ಲೆಕ್ಕ ಹಾಕಲಿದ್ದಾಳೆ.)

ಇಸವಿ ಸಾವಿರದ ಒಂಬೈನೂರ ತೊಂಬತ್ತೆಂಟು. ಕಂಪ್ಯೂಟರುಗಳೊಳಗಿನ ಎರಡಂಕಿಯ ವರ್ಷಗಳನ್ನು ನಾಲ್ಕಂಕಿಗೆ ತಿದ್ದಲು ಅಮೆರಿಕದ ಷಾರ್ಲೆಟ್‌ನ ಬ್ಯಾಂಕುಗಳಿಗೆ ಜನ ಬೇಕಾಗಿತ್ತು. ಜನರನ್ನು ಒದಗಿಸುವ ಕಂಪನಿಯೊಂದು ಶಿವಶರಣಪ್ಪನನ್ನು ಕರೆತಂದು, ಕೆಲಸ ಸಿಗುವ ತನಕ ಇರಲಿ ಎಂದು ಪಕ್ಕದ ಊರು ಫೋರ್ಟ್ ಮಿಲ್‌ನಲ್ಲಿ ಕೃಷ್ಣಪ್ರಸಾದರ ಮನೆಯ ಮೇಲಿನ ಕೋಣೆಯಲ್ಲಿ ಇಳಿಸಿತ್ತು. ಕೃಷ್ಣಪ್ರಸಾದರು ಅದೇ ಕಂಪನಿಯ ಹಿರಿಯ ನೌಕರರು, ಮೈಸೂರಿನವರು. ಅವರ ಹೆಂಡತಿ ವರಲಕ್ಷ್ಮಿ. ಮಗಳು ಯಾಮಿನಿ, ಹತ್ತೊಂಬತ್ತು ವರ್ಷ, ಮೂರು ಗಂಟೆ ದಾರಿಯ ರಾಲಿಯಲ್ಲಿ ಕಾಲೇಜು.

ಪಾತ್ರಗಳು ಇಷ್ಟೇ. ಇನ್ನೊಬ್ಬರು ಫೋನಿನಲ್ಲಿ ಬರುತ್ತಾರೆ.

೨ (ಎಸೆದ ಕರಡು)

ನಿಜ ಹೇಳಬೇಕೆಂದರೆ ಮೊದಲು ನಾನು ಕುರಿಯಿಂದ ಶುರು ಮಾಡಿದ್ದೆ.

ಕುರಿ ನನ್ನದಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಯಾರದೋ ಹಟ್ಟಿಯಿಂದ ತಪ್ಪಿಸಿಕೊಂಡು ಇನ್ನೊಬ್ಬನ ಅಂಗಳಕ್ಕೆ ತಾನಾಗಿಯೇ ಬಂದ ಕುರಿ. ಅವನು ಅದನ್ನು ಓಡಿಸಲಿಲ್ಲ, ಇಟ್ಟುಕೊಂಡ. ಅವನ ಮಗ ಹೋಗಿ ಅಧಿಕಾರಿಗಳಿಗೆ ಹೇಳಿಬಿಟ್ಟ. ಆ ಸೀಮೆಯ ದೊರೆಗೆ ಇದೊಂದು ಹೆಮ್ಮೆ: ನಮ್ಮಲ್ಲಿ ಎಂಥ ನೇರ ಮನುಷ್ಯರಿದ್ದಾರೆ ನೋಡಿ. ಲೂ ದೇಶದಿಂದ ಬಂದಿದ್ದ ಒಬ್ಬ ಮೇಷ್ಟ್ರು ಒಪ್ಪಲಿಲ್ಲ. ನಮ್ಮ ಕಡೆ ಮಗ ಅಪ್ಪನನ್ನು ಮರೆಮಾಡುತ್ತಾನೆ, ಅಪ್ಪ ಮಗನನ್ನು ಮರೆಮಾಡುತ್ತಾನೆ, ನೇರವೆನ್ನುವುದು ಅದರೊಳಗೇ ಇರುತ್ತದೆ ಎಂದರು.

ಆಮೇಲೆ ಇನ್ನೊಬ್ಬ ಮೇಷ್ಟ್ರು ಬಂದರು, ಬಡಗಿಗಳ ಕಡೆಯವರು. ನನ್ನ ಅಪ್ಪ, ನಿನ್ನ ಅಪ್ಪ ಎಂದು ತಕ್ಕಡಿ ಹಿಡಿಯುವುದರಿಂದಲೇ ಲೋಕ ಹಾಳಾಗಿದೆ, ಪ್ರೀತಿಯನ್ನು ಎಲ್ಲರಿಗೂ ಒಂದೇ ಸೇರಿನಲ್ಲಿ ಅಳೆದುಕೊಡಿ ಎಂದರು. ಮೊದಲನೆಯವರ ಕಡೆಯವರಿಗೆ ಸಿಟ್ಟು ಬಂತು. ಹಾಗಾದರೆ ನಿಮಗೆ ಅಪ್ಪನೇ ಇಲ್ಲ ಎಂದಾಯಿತು ಎಂದು ಬೈದರು.

ಇದನ್ನು ನಾನು ಹಾಸ್ಟೆಲ್ ಲೈಬ್ರರಿಯಲ್ಲಿ ಊಟದ ಗಂಟೆ ಹೊಡೆಯುವ ತನಕ ಓದುತ್ತಿದ್ದೆ. ಗಂಟೆ ಹೊಡೆದಾಗ ಎರಡನೆಯವರು ಗೆಲ್ಲುತ್ತಿದ್ದರು. ಊಟದ ಸಾಲಿನಲ್ಲಿ ನಮ್ಮೂರ ಹುಡುಗನಿಗೆ ನನ್ನ ಮುಂದೆ ಜಾಗ ಬಿಟ್ಟುಕೊಟ್ಟೆ. ಮೊದಲನೆಯವರು ಗೆದ್ದರು.

ಕರಡು ಎಸೆದೆ. ಫೋರ್ಟ್ ಮಿಲ್‌ನ ಹೊಸ ಬಡಾವಣೆಗೆ ಕುರಿ ಎಲ್ಲಿಂದ ಬರಬೇಕು? ಅಲ್ಲಿ ಹುಲ್ಲನ್ನೂ ಶನಿವಾರ ಮಷೀನು ಮೇಯುತ್ತದೆ. ಮೇಲಾಗಿ ನನ್ನ ಪಾತ್ರಗಳೆಲ್ಲ ಸಸ್ಯಾಹಾರಿಗಳು. ಕುರಿಯನ್ನು ಹೊಡೆದು ಓಡಿಸಿದೆ.

೩

ಕೃಷ್ಣಪ್ರಸಾದರ ದನಿ ಚೆನ್ನಾಗಿತ್ತು. ಫೋನಿನಲ್ಲಂತೂ ಇನ್ನೂ ಚೆನ್ನಾಗಿತ್ತು. ಮೇಲಿನ ಕೋಣೆಗೆ ಬಂದುಹೋಗುವ ಹುಡುಗರಿಗೆ ಫೋನ್ ಇಂಟರ್‌ವ್ಯೂ ಬಂದಾಗ ಅವರ ಹೆಸರಿನಲ್ಲಿ ಮಾತಾಡುತ್ತಿದ್ದವರು ಇವರೇ. ಆ ಕಾಲದಲ್ಲಿ ಇದು ಅಲ್ಲಲ್ಲಿ ನಡೆಯುತ್ತಿದ್ದ ಕ್ರಮ. ಯಾರೂ ಇದಕ್ಕೆ ಹೆಸರಿಟ್ಟಿರಲಿಲ್ಲ, ಆದ್ದರಿಂದ ಯಾರಿಗೂ ತಪ್ಪು ಎನ್ನಿಸುತ್ತಿರಲಿಲ್ಲ. ಕಾರ್ಡ್‌ಲೆಸ್ ಫೋನು ಹಿಡಿದು ಅವರು ಬಟ್ಟೆ ಒಗೆಯುವ ಮಷೀನಿನ ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಣಗಿದ ಬಟ್ಟೆಗಳ ಬಿಸಿ, ಸಾಬೂನಿನ ವಾಸನೆ, ಮಬ್ಬು ಬೆಳಕು. ಅದರೊಳಗೆ ನಿಂತು ಅವರು ಒಂದು ದಿನ ಸುರೇಶ, ಇನ್ನೊಂದು ದಿನ ಬದರಿನಾಥ. ಹೊರಗೆ ಬಂದಾಗ ಮುಖ ನಿದ್ದೆಯಿಂದ ಎದ್ದವರ ಹಾಗಿರುತ್ತಿತ್ತು.

"ಊರಿಗೆಲ್ಲಾ ಬಾಯಿ ಕೊಡ್ತಾರೆ, ಮನೇಲಿ ಮಾತೇ ಇಲ್ಲ" ಎಂದು ವರಲಕ್ಷ್ಮಿ ಹೇಳುತ್ತಿದ್ದರು. (ಎರಡೂವರೆ ಸಾವಿರ ವರ್ಷದ ಜಗಳವನ್ನು ಇಷ್ಟು ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.)

ಆಗಸ್ಟಿನ ಕೊನೆಗೆ ಶಿವಶರಣಪ್ಪನ ಸರದಿ ಬಂತು. ಫೋನು ಎತ್ತಿದ್ದು ರಜೆ ಮುಗಿಯದೆ ಇನ್ನೂ ಮನೆಯಲ್ಲಿದ್ದ ಯಾಮಿನಿ. ಬ್ಯಾಂಕಿನ ಮಿಸೆಸ್ ಪ್ರುಯಿಟ್ ಎಂಬಾಕೆ ಶಿವ ಎನ್ನುವವರು ಇದ್ದಾರೆಯೇ ಎಂದು ಕೇಳಿದಳು. ಯಾಮಿನಿಗೆ ಮನೆಯ ಕ್ರಮ ಗೊತ್ತು. ಕೂಗಿದಳು: "ಡ್ಯಾಡ್, ಫೋನ್."

ಅಭ್ಯಾಸಬಲ. ಶಿವ ಎಂದು ಕೂಗಬೇಕಿತ್ತು.

ಆದರೂ ಅದು ದಾಟಿಹೋಗುತ್ತಿತ್ತು. ಇಂಟರ್‌ವ್ಯೂ ಮುಗಿಯುವ ಹೊತ್ತಿಗೆ ಮಿಸೆಸ್ ಪ್ರುಯಿಟ್ ಉಪಚಾರಕ್ಕೆ, ಮೊದಲು ಫೋನು ಎತ್ತಿದ್ದು ನಿಮ್ಮ ಮಗಳೇ ಎಂದು ಕೇಳಿದಳು. ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅರ್ಧ ಗಂಟೆ ಶಿವಶರಣಪ್ಪನಾಗಿ ಒಂದೂ ತಪ್ಪು ಮಾಡದವರು ಈ ಒಂದು ಪ್ರಶ್ನೆಗೆ ಕೃಷ್ಣಪ್ರಸಾದರಾಗಿಬಿಟ್ಟರು. ಹೌದು, ಹತ್ತೊಂಬತ್ತು ವರ್ಷ, ರಾಲಿಯಲ್ಲಿ ಓದುತ್ತಾಳೆ, ಎಲ್ಲರ ಮಕ್ಕಳ ಹಾಗೆ ಕಂಪ್ಯೂಟರ್ ಮಾತ್ರ ಅಲ್ಲ, ಪ್ರಾಚೀನ ಚೀನಾದವರ ಎಥಿಕ್ಸ್ ಕೋರ್ಸು ಬೇರೆ ತೆಗೆದುಕೊಂಡಿದ್ದಾಳೆ, ಎಂದು ವಿವರವಾಗಿ ಹೇಳಿದರು.

ನಮ್ಮ ಕಡೆಯ ಅಪ್ಪಂದಿರು ತಮ್ಮ ಹೆಸರು ಬಿಡಬಲ್ಲರು. ಮಗಳ ಕಾಲೇಜಿನ ಸುದ್ದಿ ಬಿಡಲಾರರು.

ಕೆಲಸ ಸಿಕ್ಕಿತು.

೪

ಮೊದಲ ಸೋಮವಾರವೇ ಮಿಸೆಸ್ ಪ್ರುಯಿಟ್ ಶಿವಶರಣಪ್ಪನ ಮೇಜಿನ ಬಳಿ ನಿಂತು, ನಿಮ್ಮ ಮಗಳು ಹೇಗಿದ್ದಾಳೆ ಎಂದಳು. ಅವನು ಸುತ್ತ ನೋಡಿದ. ಗುಡ್ ಮೇಡಂ ಎಂದ. ಸಂಜೆ ಕೃಷ್ಣಪ್ರಸಾದರ ಕಾರಿನಲ್ಲಿ ಕೂತು ಕೇಳಿದ:

"ಸರ, ನನ್ನ ಮಗಳು ಹ್ಯಾಂಗ ಅದಾಳ್ರೀ?"

ಕೃಷ್ಣಪ್ರಸಾದರು ನಗಲಿಲ್ಲ. ಫೋನಿನಲ್ಲಿ ನಡೆದದ್ದನ್ನು ಹೇಳಿದರು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಮಿಸೆಸ್ ಪ್ರುಯಿಟ್ ಸೋಮವಾರ ಕೇಳುತ್ತಾಳೆ. ಆದ್ದರಿಂದ ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಕೃಷ್ಣಪ್ರಸಾದರು ಶಿವಶರಣಪ್ಪನಿಗೆ ಮಗಳ ಸುದ್ದಿ ಒದಗಿಸಬೇಕು. ಆದ್ದರಿಂದ ಭಾನುವಾರ ಮಧ್ಯಾಹ್ನ ಅವರು ರಾಲಿಗೆ ಫೋನು ಮಾಡಿ ಮಗಳನ್ನು ವಿಚಾರಿಸಬೇಕು. ಅದಕ್ಕೆ ಮುಂಚೆ ಅವರು ಹಾಗೆ ಫೋನು ಮಾಡಿದವರಲ್ಲ. ವರಲಕ್ಷ್ಮಿ ಮಾತಾಡಿದ ಮೇಲೆ ರಿಸೀವರ್ ಇಸಿದುಕೊಂಡು, ಕಾರಿಗೆ ಆಯಿಲ್ ಹಾಕಿಸಿದೆಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ಈಗ ಕೇಳತೊಡಗಿದರು. ರೂಮ್‌ಮೇಟ್ ಹೇಗೆ? ಅವಳು ಸ್ಯಾಕ್ಸೊಫೋನ್ ಊದುತ್ತಾಳೆ, ನಿದ್ದೆಯಿಲ್ಲ. ಆ ಚೀನಾ ಕ್ಲಾಸಿನಲ್ಲಿ ಏನು ಹೇಳುತ್ತಾರೆ? ಯಾಮಿನಿ ಕುರಿಯ ಕಥೆ ಹೇಳಿದಳು. (ಹೌದು, ಅದೇ ಕುರಿ.) ಅಪ್ಪ ಕೊನೆಯ ತನಕ ಕೇಳಿ, ಹಾಗಾದರೆ ಆ ಹುಡುಗ ಹೇಳಬೇಕಿತ್ತೋ ಬೇಡವೋ ಎಂದು ಕೇಳಿದರು. ಅದನ್ನೇ ಪೇಪರ್ ಬರೆಯಬೇಕು, ನನಗಿನ್ನೂ ಗೊತ್ತಿಲ್ಲ ಎಂದಳು. ಹೈಸ್ಕೂಲು ಸೇರಿದ ವರ್ಷ ಅವಳ ಬಾಯಲ್ಲಿ ಅಪ್ಪ ಡ್ಯಾಡ್ ಆಗಿದ್ದರು. ಮುಂದಿನ ಭಾನುವಾರ ಫೋನೆತ್ತಿದಾಗ ತನಗೇ ತಿಳಿಯದೆ ಅಪ್ಪಾ ಎಂದಳು.

ಸೋಮವಾರ. ಇಂಟರ್‌ಸ್ಟೇಟ್ ಎಪ್ಪತ್ತೇಳು ಎಂಬ ಹೆದ್ದಾರಿಯ ಮೇಲೆ ಮಂಜು. ದಕ್ಷಿಣ ಕೆರೊಲಿನಾ ಮುಗಿದು ಉತ್ತರ ಕೆರೊಲಿನಾ ಶುರುವಾಗುವ ಗೆರೆ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಕಾರಿನೊಳಗೆ ಒಬ್ಬ ಅಪ್ಪ ತನ್ನ ಮಗಳನ್ನು ಇನ್ನೊಬ್ಬನಿಗೆ ಪಾಠದ ಹಾಗೆ ಒಪ್ಪಿಸುತ್ತಿದ್ದ. ಇನ್ನೊಬ್ಬ ಮನಸ್ಸಿಟ್ಟು ಕೇಳುತ್ತಿದ್ದ. ಆಕಿಗಿ ನೆಗಡಿ ಹೋತೇನ್ರಿ? ಸ್ಟ್ಯಾಟಿಸ್ಟಿಕ್ಸ್ ಬಿಟ್ಟಳಂತ್ರೀ, ಯಾಕ? ಆಫೀಸಿನ ಡಬ್ಬದಿಂದ ಶುಂಠಿ ಟೀ ಪುಡಿಯ ಪ್ಯಾಕೆಟ್ಟೊಂದನ್ನು ಅವಳಿಗೆಂದು ಎತ್ತಿಟ್ಟುಕೊಂಡ, ಯಾರಿಗೂ ಕೊಡಲಿಲ್ಲ. ರಸ್ತೆಯ ನಡುವಿನ ಹುಲ್ಲಿನಲ್ಲಿ ಬಿಳಿಯದೇನೋ ನಿಂತಿದ್ದನ್ನು ಕಂಡು, "ಸರ, ಅದು ಕುರಿ ಏನ್ರಿ?" ಎಂದ. ಕೃಷ್ಣಪ್ರಸಾದರು ಇಲ್ಲಿ ಕುರಿ ಎಲ್ಲಿಯದು ಎಂದರು.

ನನಗೂ ಸರಿಯಾಗಿ ಕಾಣಲಿಲ್ಲ. ಓಡಿಸಿದ್ದೆ.

೪, ಮತ್ತೆ

ಇಲ್ಲಿ ಕೃಷ್ಣಪ್ರಸಾದರು ಬರವಣಿಗೆಯನ್ನು ತಡೆದರು.

"ನೋಡಿ ಸ್ವಾಮಿ, ಆ ಕುರಿಕಳ್ಳನ ಪಕ್ಕ ನನ್ನನ್ನ ತಂದು ನಿಲ್ಲಿಸ್ತಾ ಇದೀರಿ. ಅವನು ತಗೊಂಡ. ನಾನು ಕೊಟ್ಟೆ. ಯಾರ ಹತ್ರಾನೂ ಒಂದು ಕಾಫಿ ಕುಡಿದಿಲ್ಲ."

ಬ್ಯಾಂಕಿಗೆ ಸುಳ್ಳು ಹೇಳಿದಿರಲ್ಲ ಎಂದೆ. ಬ್ಯಾಂಕಿಗೆ ಏನು ನಷ್ಟ, ಹುಡುಗ ಕೆಲಸ ಮಾಡ್ತಿದಾನೋ ಇಲ್ಲವೋ ಎಂದು ಕೇಳಿದರು. ಮಾಡುತ್ತಿದ್ದ, ಚೆನ್ನಾಗಿಯೇ. ಅದೇ ಕೆಲಸಕ್ಕೆ ಫೋನಿನಲ್ಲಿ ತನ್ನ ದನಿಯಲ್ಲೇ ತಡವರಿಸಿ ಮಾತಾಡಿ ಸೋತವನು ಒಬ್ಬನಾದರೂ ಇರುತ್ತಾನಲ್ಲ ಎಂದೆ.

"ಅವನು ನಿಮ್ಮ ಕಥೇಲಿ ಇದಾನಾ?"

ಇಲ್ಲ.

"ಮತ್ತೆ? ಕಥೇಲಿ ಇಲ್ದೇ ಇರೋನ ಬಗ್ಗೆ ನಾನ್ಯಾಕೆ ಯೋಚನೆ ಮಾಡ್ಲಿ."

ಗಮನಿಸಿದಿರಾ? ಊರಿಗೆಲ್ಲ ಒಂದೇ ಸೇರಿನಲ್ಲಿ ದನಿ ಅಳೆದುಕೊಟ್ಟ ಮನುಷ್ಯ ಕೊನೆಗೆ ಲೂ ದೇಶದ ಮೇಷ್ಟ್ರ ಪಕ್ಕ ಹೋಗಿ ನಿಂತರು: ನನ್ನವರು ಮೊದಲು. ನಾನು ವಾದ ಬಿಟ್ಟೆ. ಹೆಸರಿಲ್ಲದ ಆ ಸೋತವನಿಗೆ ಒಂದು ಪುಟ ಕೊಡೋಣ ಎಂದುಕೊಂಡೆ. ಕೊಡಲಿಲ್ಲ. ನನಗೂ ನನ್ನ ಪಾತ್ರಗಳೇ ಮೊದಲು.

೬ (ಐದನೆಯದು ಇಲ್ಲ. ಅದರಲ್ಲಿ ಎಲ್ಲವೂ ಸರಿಹೋಗಿತ್ತು.)

ಅಕ್ಟೋಬರಿನಲ್ಲಿ ಯಾಮಿನಿಗೆ ರಜೆ. ಪೇಪರ್ ಬರೆಯಲು ಪುಸ್ತಕಗಳನ್ನು ತಂದುಕೊಂಡು ಮನೆಗೆ ಬಂದಿದ್ದಳು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ವರಲಕ್ಷ್ಮಿ ಹಿತ್ತಲಿನಲ್ಲಿ ಮೆಣಸಿನ ಗಿಡಗಳಿಗೆ ನೀರು ಬಿಡುತ್ತಿದ್ದರು. ಫೋನು ಬಂತು.

ಬ್ಯಾಂಕಿನಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮಿಸೆಸ್ ಪ್ರುಯಿಟ್ ಯಾವುದೋ ಕಾಗದಕ್ಕೆ ಸಹಿ ಹಾಕುವಾಗ ಶಿವಶರಣಪ್ಪನ ಹುಟ್ಟಿದ ವರ್ಷ ಕಂಡಳು: ಎಪ್ಪತ್ತೆರಡು. ಎರಡಂಕಿಯ ವರ್ಷವನ್ನು ಅನುಮಾನದಿಂದ ನೋಡುವುದೇ ಆ ಆಫೀಸಿನ ಕೆಲಸ. ನಮ್ಮವರ ವಯಸ್ಸು ಮುಖ ನೋಡಿ ಹೇಳಲು ಬಾರದೆಂದು ಅಲ್ಲಿಯವರೆಗೆ ನಂಬಿದ್ದವಳು ತೊಂಬತ್ತೆಂಟರಲ್ಲಿ ಎಪ್ಪತ್ತೆರಡು ಕಳೆದಳು. ಹತ್ತೊಂಬತ್ತು ವರ್ಷದ ಮಗಳನ್ನು ಅದರೊಳಗೆ ಕೂರಿಸಲು ನೋಡಿದಳು. ಕೂರಲಿಲ್ಲ. ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಫೋನಿನಲ್ಲಿ ಮಾತಾಡಿದ್ದು ಯಾರು ಎಂದು ಕೇಳಿದಳು. ನಾನೇ ಮೇಡಂ ಎಂದ. ಮತ್ತೆ ಕೇಳಿದಳು. ನಾನೇ ಮೇಡಂ. ಆಗ ಹಳೆಯ ನಂಬರು ತೆಗೆದು ಈ ಮನೆಗೆ ಫೋನು ಮಾಡಿದಳು.

ಅವಳದು ದಕ್ಷಿಣದವರ ಎಳೆದ, ಜೇನು ಸವರಿದ ಇಂಗ್ಲಿಷ್. ನನ್ನ ಕನ್ನಡದಲ್ಲಿ ಆ ಜೇನು ಬರುವುದಿಲ್ಲ, ಅರ್ಥ ಮಾತ್ರ ಬರುತ್ತದೆ. ನೀನು ರಾಲಿಯ ಹುಡುಗಿಯಲ್ಲವೇ ಎಂದಳು. ಕೆಲವು ವಾರಗಳಿಂದ ನಿನ್ನ ಪರಿಚಯ ನನಗೆ. ಸ್ಯಾಕ್ಸೊಫೋನಿನ ಕಾಟ ನಿಂತಿತೇ? ನೆಗಡಿ ಹೋಯಿತೇ? ಕುರಿಯ ಬಗ್ಗೆ ಪೇಪರ್ ಬರೆದಾಯಿತೇ?

ಯಾಮಿನಿ ಗೋಡೆಗೆ ಒರಗಿದಳು. ಇವೆಲ್ಲ ಅವಳು ಭಾನುವಾರಗಳಂದು ಒಬ್ಬರಿಗೆ ಮಾತ್ರ ಹೇಳಿದ್ದು. ಭಾನುವಾರದ ಪ್ರಶ್ನೆಗಳು ಯಾಕೆ ಬರುತ್ತಿದ್ದವು, ಎಲ್ಲಿಗೆ ಹೋಗುತ್ತಿದ್ದವು ಎನ್ನುವುದು ಅವಳಿಗೆ ಒಮ್ಮೆಗೇ ತಿಳಿಯಿತು. ಮಷೀನಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು.

ಮಿಸೆಸ್ ಪ್ರುಯಿಟ್ ದನಿ ತಗ್ಗಿಸಿದಳು. ಈ ಹುಡುಗ ಒಳ್ಳೆಯ ಕೆಲಸಗಾರ, ಕಳಿಸಲು ನನಗಿಷ್ಟವಿಲ್ಲ ಎಂದಳು. ಯಾರೋ ಹಿರಿಯರು ಇವನ ಹೆಸರಿನಲ್ಲಿ ಮಾತಾಡಿದ್ದಾರೆ. ಯಾರೆಂದು ತಿಳಿದರೆ ಇವನನ್ನು ಉಳಿಸಿಕೊಳ್ಳಬಲ್ಲೆ. ತಿಳಿಯದಿದ್ದರೆ ಮೋಸ ಇವನೊಬ್ಬನದೇ ಆಗುತ್ತದೆ, ಈ ವಾರವೇ ಕಳಿಸಬೇಕಾಗುತ್ತದೆ.

"ಆ ದಿನ ನೀನು ಡ್ಯಾಡ್ ಎಂದು ಕರೆದೆಯಲ್ಲ ಮಗೂ. ಯಾರನ್ನು ಕರೆದೆ?"

ಲೆಕ್ಕ ಸ್ಪಷ್ಟವಿದೆ. ಹೇಳಿದರೆ ಕೃಷ್ಣಪ್ರಸಾದರ ಕೆಲಸ ಹೋಗುತ್ತದೆ, ಅವರ ಗ್ರೀನ್ ಕಾರ್ಡ್ ಅರ್ಜಿ ಬಿದ್ದುಹೋಗುತ್ತದೆ. ಆ ಅರ್ಜಿಯೊಳಗೆ ಯಾಮಿನಿಯ ಹೆಸರೂ ಇದೆ, ಇದನ್ನು ಮುಚ್ಚಿಟ್ಟು ಅವಳನ್ನು ಬರೀ ಪಿತೃಭಕ್ತೆ ಎಂದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಹೇಳದಿದ್ದರೆ ಶಿವಶರಣಪ್ಪ ಕಳ್ಳನಾಗಿ ವಿಮಾನ ಹತ್ತುತ್ತಾನೆ.

ಲೂ ದೇಶದ ಮೇಷ್ಟ್ರು: ಮರೆಮಾಡು.

ಬಡಗಿಗಳ ಮೇಷ್ಟ್ರು: ಅವನೂ ಒಬ್ಬರ ಮಗ, ಹೇಳು.

ಅತ್ತ ಬ್ಯಾಂಕಿನಲ್ಲಿ ಮಿಸೆಸ್ ಪ್ರುಯಿಟ್ ಎದುರಿಗೆ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತು, ರಕ್ತಸಂಬಂಧವೇ ಇಲ್ಲದ ಒಬ್ಬರನ್ನು ನಾನೇ ಮೇಡಂ ಎಂದು ಮರೆಮಾಡುತ್ತಿರುವ ಶಿವಶರಣಪ್ಪನಿಗೆ ಇಬ್ಬರ ಪಾಠದಲ್ಲೂ ಜಾಗವಿಲ್ಲ. ಅವನಿಗೆ ಯಾರೂ ಅದನ್ನು ಕಲಿಸಿರಲಿಲ್ಲ.

ಮುಕ್ತಾಯಗಳು

ಮೊದಲನೆಯದು. ಹೇಳುತ್ತಾಳೆ. ಸಂಜೆ ಕೃಷ್ಣಪ್ರಸಾದರು ಮನೆಗೆ ಬಂದು, ಕಾರಿಗೆ ಆಯಿಲ್ ಹಾಕಿಸಿದೆಯಾ ಎಂದು ಕೇಳುತ್ತಾರೆ.

ಎರಡನೆಯದು. ಗೊತ್ತಿಲ್ಲ ಮ್ಯಾಮ್ ಎನ್ನುತ್ತಾಳೆ. ರಾತ್ರಿ ಊಟಕ್ಕೆ ಕೂತಾಗ ಶಿವಶರಣಪ್ಪ ಅವಳಿಗೆ ಚಪಾತಿ ಬಡಿಸುತ್ತಾನೆ. ಅವಳು ತಲೆ ಎತ್ತುವುದಿಲ್ಲ.

ಮೂರನೆಯದು ನನಗೆ ಇಷ್ಟವಾದದ್ದು. ಚೀನಾದ ಆ ಹಳಬರಲ್ಲೇ ಇನ್ನೊಬ್ಬರು ಹೇಳಿದ ದಾರಿ: ರಾಜನ ಅಪ್ಪ ಕೊಲೆ ಮಾಡಿದರೆ ರಾಜನೇನು ಮಾಡಬೇಕು? ಪೋಲೀಸರನ್ನು ತಡೆಯಬಾರದು. ರಾಜ್ಯವನ್ನು ಸವೆದ ಚಪ್ಪಲಿಯ ಹಾಗೆ ಬಿಟ್ಟು, ಅಪ್ಪನನ್ನು ಬೆನ್ನ ಮೇಲೆ ಹೊತ್ತು ಸಮುದ್ರದ ದಂಡೆಗೆ ಓಡಿಹೋಗಬೇಕು. ಅಲ್ಲೇ ಸುಖವಾಗಿ ಇರಬೇಕು. ಹಾಗೆ ಯಾಮಿನಿ ರಿಸೀವರ್ ಇಟ್ಟು, ಅಪ್ಪನನ್ನು ಆಫೀಸಿನಿಂದ ಎತ್ತಿಕೊಂಡು, ಪೂರ್ವಕ್ಕೆ ಡ್ರೈವ್ ಮಾಡುತ್ತಾಳೆ. ಪೈನ್ ಮರಗಳು ಮುಗಿದು ಮರಳು ಶುರುವಾಗುತ್ತದೆ. ಕೆರೊಲಿನಾದ ಕಡಲು ಬೂದಿಬಣ್ಣದ್ದು. ಕೃಷ್ಣಪ್ರಸಾದರು ಪ್ಯಾಂಟು ಮಡಚಿ ನೀರಿಗಿಳಿದು ಯಾರ ದನಿಯೂ ಅಲ್ಲದ ತಮ್ಮ ದನಿಯಲ್ಲಿ ಅವಳನ್ನು ಕೇಳುತ್ತಾರೆ, ಆ ಕುರಿ ಆಮೇಲೆ ಏನಾಯಿತು? ಕಾರಿನ ಹಿಂದಿನ ಸೀಟಿನಲ್ಲಿ ಅದು ಮಲಗಿದೆ. ಅದರ ಉಸಿರಿನಿಂದ ಗಾಜು ಮಬ್ಬಾಗಿದೆ.

"ಮತ್ತೆ ಶಿವ?" ಎಂದಳು ಯಾಮಿನಿ. ರಿಸೀವರ್ ಅವಳ ಕೈಯಲ್ಲೇ ಇತ್ತು. "ಬೀಚಿಗೆ ನಾವಿಬ್ರೇ ಹೋದ್ರೆ, ಹೂ ಕ್ಯಾರೀಸ್ ಹಿಮ್? ಅವನನ್ನ ಯಾರು ಹೊತ್ಕೋತಾರೆ?"

ಮೂರನೆಯದನ್ನೂ ಹೊಡೆದುಹಾಕಿದೆ. ಹಾಗಾದರೆ ನೀನೇ ಹೇಳು, ಏನು ಉತ್ತರ ಕೊಟ್ಟೆ ಎಂದೆ.

"ಹೇಳಲ್ಲ. ನೀವು ಅದನ್ನ ಬರೆದ್ರೆ, ಆಫೀಸರ್ ಹತ್ರ ಹೋಗಿ ಹೇಳಿದ ಮಗ ನೀವೇ ಆಗ್ತೀರಿ. ಅಪ್ಪನ ಹೆಸರು, ಊರು, ಲಾಂಡ್ರಿ ರೂಮು, ಎಲ್ಲ ಆಲ್‌ರೆಡಿ ಹೇಳ್ಬಿಟ್ಟಿದೀರಿ."

ಅವಳು ಹೇಳಿದ್ದು ಸರಿ. ಇಷ್ಟು ಹೊತ್ತು ನಾನು ಮಾಡುತ್ತಿದ್ದದ್ದು ಸಾಕ್ಷಿ ಹೇಳುವ ಕೆಲಸ. ಓದುಗರೇ, ನೀವು ಅದನ್ನು ಬರೆದುಕೊಳ್ಳುತ್ತಿದ್ದ ಅಧಿಕಾರಿ. ನನಗೆ ಕೃಷ್ಣಪ್ರಸಾದರು ಅಪ್ಪನಲ್ಲ, ಶಿವಶರಣಪ್ಪ ಅಣ್ಣನಲ್ಲ. ಆದರೂ ಇಲ್ಲಿಂದ ಮುಂದೆ ಮರೆಮಾಡುತ್ತೇನೆ. ಇದನ್ನು ಪ್ರಯೋಗ ಎನ್ನಬೇಡಿ.

ಯಾಮಿನಿ ಹಿತ್ತಲಿನ ಕಡೆ ನೋಡಿದಳು. ಅಮ್ಮ ಪೈಪು ಕೆಳಗಿಟ್ಟು ಇವಳನ್ನೇ ನೋಡುತ್ತಿದ್ದರು. ನೀರು ಹುಲ್ಲಿನ ಮೇಲೆ ಹರಿಯುತ್ತಿತ್ತು. ಆಚೆಯ ಬೇಲಿಯ ಹತ್ತಿರ ಬಿಳಿಯದೊಂದು ತಲೆ ಬಗ್ಗಿಸಿ ಮೇಯುತ್ತಿತ್ತು. ಯಾರೂ ಅದನ್ನು ಓಡಿಸಲಿಲ್ಲ. ಯಾಮಿನಿ ರಿಸೀವರನ್ನು ಬಾಯಿಯ ಹತ್ತಿರ ತಂದು ಮ್ಯಾಮ್ ಎಂದಳು.

ಮುಂದೆ ಅವಳು ಏನು ಹೇಳಿದಳೋ ಅದು ಆ ಮನೆಯದು. ಯಾವ ಉತ್ತರವನ್ನೇ ಇಟ್ಟು ನೋಡಿದರೂ ಕಳೆದದ್ದರ ಲೆಕ್ಕ ಬದಲಾಗುವುದಿಲ್ಲ, ಅದನ್ನು ಹೇಳಲು ಅಡ್ಡಿಯಿಲ್ಲ. ಒಂದು ಕೆಲಸ. ಭಾನುವಾರ ಮಧ್ಯಾಹ್ನದ ಒಂದು ಫೋನು. ಶಿವಶರಣಪ್ಪನಿಗೆ, ಒಬ್ಬಳು ಮಗಳು.